ನಲವತ್ತನೆಯ ರೋಗಿಯ ಮುಂದೆ: ವೈದ್ಯಕೀಯದಲ್ಲಿ ವಿಭಾಗ ಆರಿಸಿಕೊಳ್ಳುವ ಬಗೆ

ನಾನು ಸರ್ಜನ್ ಆಗಬೇಕೆಂದು ಹೊರಟವನು. ತರಬೇತಿಯ ಮೊದಲ ವರ್ಷ, ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯೊಂದರಲ್ಲಿ ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದು ನಿಂತಿದ್ದೆ. ಮೂರನೆಯ ಗಂಟೆ ನಡೆಯುತ್ತಿತ್ತು, ತೋಳು ಮರಗಟ್ಟಿತ್ತು. ಹಿರಿಯರು ಪಿತ್ತನಾಳವನ್ನು ಬಿಡಿಸಿ ತೋರಿಸುತ್ತಾ ಏನೋ ವಿವರಿಸುತ್ತಿದ್ದರು. ನನ್ನ ಕಿವಿ ಮಾತ್ರ ಪರದೆಯ ಆಚೆ, ಅರಿವಳಿಕೆ ತಜ್ಞರು ಕೂರುವ ಕಡೆ ಇತ್ತು. ಪಲ್ಸ್ ಆಕ್ಸಿಮೀಟರ್ ಪ್ರತಿ ನಾಡಿಮಿಡಿತಕ್ಕೂ ಒಂದು ಸದ್ದು ಮಾಡುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಸದ್ದಿನ ಶ್ರುತಿಯೂ ಇಳಿಯುತ್ತದೆ. ಅಂದು ಶ್ರುತಿ ಕೂದಲೆಳೆಯಷ್ಟು ಇಳಿದದ್ದು ನನಗೆ ಕೇಳಿಸಿತು. ನಾನು ತಲೆ ಎತ್ತುವಷ್ಟರಲ್ಲಿ ಅರಿವಳಿಕೆ ತಜ್ಞೆ ಆಗಲೇ ಎದ್ದು ಕೊಳವೆಯನ್ನು ಪರೀಕ್ಷಿಸುತ್ತಿದ್ದರು. "ಎಲ್ಲಿ ನೋಡುತ್ತಿದ್ದೀಯಪ್ಪಾ?" ಎಂದು ಸರ್ಜನ್ ಗದರಿದರು.

ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಳ್ಳಲು ನನಗೆ ಎಂಟು ತಿಂಗಳು ಹಿಡಿಯಿತು. ಈಗ ಹದಿನೇಳು ವರ್ಷಗಳಿಂದ ಅರಿವಳಿಕೆ ತಜ್ಞನಾಗಿದ್ದೇನೆ.

ಇಂಟರ್ನ್‌ಶಿಪ್ ಮುಗಿಯುವ ಕಾಲಕ್ಕೆ ಪ್ರತಿ ವರ್ಷವೂ ನಾಲ್ಕಾರು ಕಿರಿಯರು ಬಂದು ಕೇಳುತ್ತಾರೆ: "ಸರ್, ಯಾವ ಬ್ರಾಂಚ್ ತೆಗೆದುಕೊಳ್ಳಲಿ?" ಯಾವುದೆಂದು ನಾನು ಹೇಳಲಾರೆ, ಆರಿಸಿಕೊಳ್ಳುವುದು ಹೇಗೆಂದು ಹೇಳಬಲ್ಲೆ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಂದು ಕ್ರಮದಲ್ಲಿ ಇಡುತ್ತಿದ್ದೇನೆ. ಎಲ್ಲ ಹೆಜ್ಜೆಗಳಿಗೂ ಅಳತೆಗೋಲು ಒಂದೇ. ಬೆಳಗಿನಿಂದ ಮೂವತ್ತೊಂಬತ್ತು ಮಂದಿಯನ್ನು ನೋಡಿ ದಣಿದ ಮೇಲೆ, ಅದೇ ದೂರು ಹೊತ್ತು ನಲವತ್ತನೆಯ ರೋಗಿ ಎದುರಿಗೆ ಕುಳಿತಾಗ, ಅವರ ಮಾತನ್ನು ಗಮನವಿಟ್ಟು ಕೇಳುವಷ್ಟು ಒಲವು ನಿಮ್ಮಲ್ಲಿ ಉಳಿಯುವ ಕೆಲಸ ಯಾವುದು?

ಹೆಜ್ಜೆ 1: ಜೇಬಿನಲ್ಲೊಂದು ನೋಟ್‌ಬುಕ್

ಮೊದಲ ವಾರ್ಡ್ ಪೋಸ್ಟಿಂಗ್ ಶುರುವಾದ ದಿನದಿಂದಲೇ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ರಾತ್ರಿ ಮಲಗುವ ಮುನ್ನ ಮೂರೇ ಸಾಲು ಬರೆಯಿರಿ. ಇಂದು ಯಾವ ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ? ಯಾವ ಕೆಲಸವನ್ನು ಆಮೇಲೆ ಮಾಡೋಣವೆಂದು ಮುಂದಕ್ಕೆ ತಳ್ಳಿದೆ? ಯಾರೂ ಹೇಳದಿದ್ದರೂ ರೂಮಿಗೆ ಬಂದು ಯಾವುದರ ಬಗ್ಗೆ ಓದಿದೆ?

ಅಂದಂದೇ ಬರೆಯಬೇಕು. ವಾರ ಕಳೆದರೆ ನೆನಪು ಬಣ್ಣ ಹಚ್ಚಿಕೊಳ್ಳುತ್ತದೆ. ಮೇಷ್ಟ್ರು ಬೆನ್ನು ತಟ್ಟಿದ್ದಷ್ಟೇ ಉಳಿದು, ನೀವು ಮೂರು ಸಲ ಆಕಳಿಸಿದ್ದು ಅಳಿಸಿಹೋಗುತ್ತದೆ. ರೋಗಿಗಳ ಹೆಸರು, ಹಾಸಿಗೆ ಸಂಖ್ಯೆ ಯಾವುದನ್ನೂ ಬರೆಯಬೇಡಿ. ಈ ಪುಸ್ತಕ ನಿಮ್ಮನ್ನು ಕುರಿತದ್ದು.

ಒಂದೊಂದು ಪೋಸ್ಟಿಂಗ್ ಮುಗಿದಾಗಲೂ ಹಿಂದಿನ ಪುಟಗಳನ್ನು ಒಟ್ಟಿಗೆ ಓದಿ. ಮಕ್ಕಳ ತಜ್ಞೆಯಾಗಬೇಕೆಂದು ಎರಡನೆಯ ವರ್ಷದಿಂದಲೇ ಹೇಳಿಕೊಂಡು ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಪುಸ್ತಕ ತಂದು ನನ್ನ ಮುಂದಿಟ್ಟಿದ್ದಳು. ಮಕ್ಕಳ ವಾರ್ಡಿನ ಆರು ವಾರಗಳಲ್ಲಿ "ಮುಂದಕ್ಕೆ ತಳ್ಳಿದ್ದು" ಎಂಬ ಸಾಲಿನಲ್ಲಿ ಹನ್ನೊಂದು ಸಲ ಒಂದೇ ಮಾತಿತ್ತು: ತಂದೆತಾಯಿಗಳ ಜೊತೆ ಮಾತನಾಡುವುದು. ಮೂರನೆಯ ಸಾಲಿನಲ್ಲಿ ಮಾತ್ರ ಯಾವ ವಾರ್ಡಿನಲ್ಲಿದ್ದರೂ ಇಸಿಜಿ, ಇಸಿಜಿ, ಇಸಿಜಿ. ಅವಳಿಗೆ ಮಕ್ಕಳೆಂದರೆ ಪ್ರೀತಿ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಮಕ್ಕಳ ವೈದ್ಯರ ದಿನದ ಅರ್ಧ ಭಾಗ ಹೋಗುವುದು ಗಾಬರಿಗೊಂಡ ಹೆತ್ತವರಿಗೆ ಧೈರ್ಯ ಹೇಳುವುದರಲ್ಲಿ. ಅವಳು ಜನರಲ್ ಮೆಡಿಸಿನ್ ತೆಗೆದುಕೊಂಡು ಹೃದ್ರೋಗದ ಕಡೆಗೆ ಹೋದಳು. ಆ ತೀರ್ಮಾನದಲ್ಲಿ ನನ್ನ ಪಾಲು ಏನೂ ಇಲ್ಲ, ಅವಳ ಕೈಬರಹವೇ ಅವಳಿಗೆ ಹೇಳಿತು.

ಹೆಜ್ಜೆ 2: ವಿಭಾಗದ ನಿತ್ಯದ ಕೆಲಸವನ್ನು ಕಂಡುಕೊಳ್ಳಿ

ಕಾಲೇಜಿನ ಬೋಧನಾ ಆಸ್ಪತ್ರೆಯಲ್ಲಿ ನಿಮಗೆ ತೋರಿಸುವುದು ಅಪರೂಪದ ರೋಗಗಳನ್ನು. ಪಾಠಕ್ಕೆ ಅದು ಬೇಕು. ಆದರೆ ಆ ನೋಟವನ್ನೇ ನಂಬಿ ವಿಭಾಗ ಆರಿಸಿಕೊಂಡವರು ಮುಂದೆ ಮೋಸ ಹೋದೆವೆಂದು ಮರುಗುತ್ತಾರೆ.

ನರರೋಗ ತಜ್ಞರ ದಿನ ತುಂಬುವುದು ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯುಗಳಿಂದ; ಹೆಸರು ಹೇಳಲು ನಾಲಿಗೆ ತೊಡರುವ ಸಿಂಡ್ರೋಮ್ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಚರ್ಮರೋಗವೆಂದರೆ ಹುಳುಕಡ್ಡಿ, ಇಸುಬು, ಮೊಡವೆ. ಜನರಲ್ ಸರ್ಜರಿಯೆಂದರೆ ಹರ್ನಿಯಾ, ಪಿತ್ತಕೋಶದ ಕಲ್ಲು, ಮೂಲವ್ಯಾಧಿ, ಕೀವುಗಟ್ಟಿದ ಗಾಯ. ಮೂಳೆ ತಜ್ಞರ ಹೊರರೋಗಿ ವಿಭಾಗದಲ್ಲಿ ಸೊಂಟನೋವಿನ ಸಾಲು ಮುಗಿಯುವುದೇ ಇಲ್ಲ. ಮನೋವೈದ್ಯರು ನೋಡುವುದು ಬಹುಪಾಲು ಖಿನ್ನತೆ, ಆತಂಕ, ಚಟ. ಹೃದ್ರೋಗ ತಜ್ಞರು ಸ್ಟೆಂಟ್ ಹಾಕುವ ಒಂದು ಗಂಟೆಯ ಹಿಂದೆ ಮುಂದೆ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ಏರಿಸಿ ಇಳಿಸುವ ಹತ್ತು ಗಂಟೆಗಳಿರುತ್ತವೆ. ಇದರಲ್ಲಿ ಕೀಳಾದದ್ದು ಯಾವುದೂ ಇಲ್ಲ. ಹರ್ನಿಯಾ ಸರಿಯಾದವರು ನೆಮ್ಮದಿಯಿಂದ ಭಾರ ಎತ್ತುತ್ತಾರೆ, ಇಸುಬು ಗುಣವಾದ ಮಗು ರಾತ್ರಿಯೆಲ್ಲಾ ನಿದ್ದೆ ಮಾಡುತ್ತದೆ. ಪ್ರಶ್ನೆ ನಿಮ್ಮದು: ಅಂಥ ಸಾವಿರ ಹರ್ನಿಯಾಗಳನ್ನು ಮಾಡುವಾಗ ಸಾವಿರದೊಂದನೆಯದನ್ನು ಇನ್ನೂ ಚೆನ್ನಾಗಿ ಮಾಡಬೇಕೆಂಬ ಹಟ ನಿಮಗಿರುತ್ತದೆಯೇ?

ಇದನ್ನು ಕಂಡುಕೊಳ್ಳುವ ದಾರಿ ಸರಳ. ನಿಮಗೆ ಆಸಕ್ತಿಯಿರುವ ಎರಡು ಮೂರು ವಿಭಾಗಗಳಲ್ಲಿ, ರಜೆಯ ದಿನಗಳಲ್ಲಾದರೂ ಸರಿ, ಒಬ್ಬ ತಜ್ಞರ ಜೊತೆ ಬೆಳಗಿನಿಂದ ರಾತ್ರಿಯವರೆಗೆ ಇಡೀ ದಿನ ಇರಲು ಅನುಮತಿ ಕೇಳಿ. ಬೋಧನಾ ಆಸ್ಪತ್ರೆಯ ಹೊರಗೆ ಕೆಲಸ ಮಾಡುವವರಾದರೆ ಇನ್ನೂ ಒಳ್ಳೆಯದು, ಏಕೆಂದರೆ ನಿಮ್ಮಲ್ಲಿ ಹೆಚ್ಚಿನವರು ಕೊನೆಗೆ ಸೇರುವುದು ಅಲ್ಲಿಗೆ. ರೌಂಡ್ಸ್ ಮುಗಿದ ಕೂಡಲೇ ಹೊರಟುಬಿಡಬೇಡಿ. ಡಿಸ್ಚಾರ್ಜ್ ಸಮ್ಮರಿ ಬರೆಯುವುದು, ವಿಮೆಯ ಕಾಗದಗಳು, ಸಂಬಂಧಿಕರ ಫೋನ್ ಕರೆಗಳು, ರಾತ್ರಿ ಎರಡು ಗಂಟೆಗೆ ಬರುವ ಕರೆ, ಇವೆಲ್ಲವೂ ಆ ವಿಭಾಗದ ಭಾಗವೇ. ಸಂಜೆಯ ಹೊತ್ತಿಗೆ ಆ ವೈದ್ಯರ ಮುಖವನ್ನೂ ನೋಡಿ, ನಿಮ್ಮ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಿ.

ರೋಗಿಗಳ ಎದುರಿಗೆ ಬಾರದ ವಿಭಾಗಗಳನ್ನು ವಿದ್ಯಾರ್ಥಿಗಳು ನೋಡದೆಯೇ ತಳ್ಳಿಹಾಕುತ್ತಾರೆ. ಪ್ಯಾಥಾಲಜಿಯೆಂದರೆ ಎರಡನೆಯ ವರ್ಷದ ಪರೀಕ್ಷೆಯ ನೆನಪು ಮಾತ್ರ. ಅಂಥವರಿಗೆ ನಾನು ಹೇಳುವುದು, ಒಮ್ಮೆ ಫ್ರೋಜನ್ ಸೆಕ್ಷನ್ ನಡೆಯುವಾಗ ಪ್ರಯೋಗಾಲಯದಲ್ಲಿ ನಿಂತು ನೋಡಿ ಎಂದು. ಆಪರೇಷನ್ ಥಿಯೇಟರಿನಿಂದ ಕಡಲೆಕಾಳಿನಷ್ಟು ಅಂಗಾಂಶ ಬರುತ್ತದೆ. ಅದನ್ನು ಕ್ರಯೊಸ್ಟ್ಯಾಟ್‌ನಲ್ಲಿ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ, ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಭಾಗದಷ್ಟು ತೆಳುವಾದ ಪದರ ಕತ್ತರಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಡುತ್ತಾರೆ. ಅತ್ತ ರೋಗಿಯ ಹೊಟ್ಟೆ ತೆರೆದೇ ಇದೆ, ಸರ್ಜನ್ ಕೈಕಟ್ಟಿ ಕಾಯುತ್ತಿದ್ದಾರೆ. ಇಪ್ಪತ್ತು ನಿಮಿಷಗಳ ಒಳಗೆ ಈ ಮೇಜಿನಿಂದ ಒಂದು ಮಾತು ಹೋಗಬೇಕು: ಅಂಚಿನಲ್ಲಿ ಕ್ಯಾನ್ಸರ್ ಇದೆಯೇ, ಇಲ್ಲವೇ. ಆ ಮಾತಿನ ಮೇಲೆ ಎಷ್ಟು ಕೊಯ್ಯಬೇಕೆಂಬುದು ನಿಂತಿದೆ. ಆ ರೋಗಿಗೆ ಈ ವೈದ್ಯರ ಹೆಸರೂ ಗೊತ್ತಾಗುವುದಿಲ್ಲ. ಹೆಸರು ಗೊತ್ತಾಗದಿದ್ದರೂ ಸರಿ, ಉತ್ತರ ಸರಿಯಾಗಿರಬೇಕು ಎನ್ನುವ ಸ್ವಭಾವ ನಿಮ್ಮದಾದರೆ, ನೀವು ಈವರೆಗೆ ಹುಡುಕದ ಕಡೆ ನಿಮ್ಮ ಜಾಗ ಇರಬಹುದು.

ಹೆಜ್ಜೆ 3: ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ನೋಟ್‌ಬುಕ್ಕಿನಲ್ಲಿ ಒಂದಿಷ್ಟು ಪುಟ ತುಂಬಿದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

ಫಲ ಎಷ್ಟು ಬೇಗ ಕಾಣಬೇಕು? ತುರ್ತು ಚಿಕಿತ್ಸೆಯಲ್ಲಿ ನಿಮಿಷಗಳಲ್ಲಿ, ಶಸ್ತ್ರಚಿಕಿತ್ಸೆಯಲ್ಲಿ ದಿನಗಳಲ್ಲಿ, ಮಧುಮೇಹದಲ್ಲಿ ವರ್ಷಗಳಲ್ಲಿ, ಸಮುದಾಯ ವೈದ್ಯಕೀಯದಲ್ಲಿ ಕೆಲವೊಮ್ಮೆ ನೀವು ನಿವೃತ್ತರಾದ ಮೇಲೆ ಫಲ ಕಾಣುತ್ತದೆ. ಬೇಗ ಫಲ ಕಾಣದಿದ್ದರೆ ಬಾಡಿಹೋಗುವವರು ಇದ್ದಾರೆ. ನಿಧಾನಕ್ಕೆ ಬೆಳೆಯುವುದನ್ನೇ ನೀರೆರೆದು ನೋಡುವುದರಲ್ಲಿ ಸುಖ ಕಾಣುವವರೂ ಇದ್ದಾರೆ.

ರೋಗಿಯ ಜೊತೆ ಎಷ್ಟು ಕಾಲದ ನಂಟು ಬೇಕು? ನನ್ನ ನಂಟು ಶಸ್ತ್ರಚಿಕಿತ್ಸೆಗೆ ಮುಂಚಿನ ಹತ್ತು ನಿಮಿಷಗಳದ್ದು. ಅಷ್ಟರೊಳಗೆ ಅಪರಿಚಿತರೊಬ್ಬರು ತಮ್ಮ ಉಸಿರನ್ನು ನನ್ನ ಕೈಗೆ ಒಪ್ಪಿಸಬೇಕು. ಆ ಹತ್ತು ನಿಮಿಷಗಳನ್ನು ನಾನು ಎಷ್ಟು ಗೌರವಿಸುತ್ತೇನೆಂದರೆ, ಬೇರೆ ಯಾವ ನಂಟೂ ನನಗೆ ಕೊರತೆಯೆನಿಸಿಲ್ಲ. ಕುಟುಂಬ ವೈದ್ಯೆಯಾಗಿರುವ ನನ್ನ ಸಹಪಾಠಿಗೆ ಇದನ್ನು ಹೇಳಿದರೆ ಅಯ್ಯೋ ಎನ್ನುತ್ತಾಳೆ. ತಾನು ಲಸಿಕೆ ಹಾಕಿದ ಹುಡುಗಿ ಬಸುರಿಯಾಗಿ ಬಂದು ಎದುರಿಗೆ ಕುಳಿತುಕೊಳ್ಳುವುದೇ ಅವಳ ಪಾಲಿನ ಸಂಬಳ.

ಕೈಗೆ ಕೆಲಸ ಬೇಕೇ? ಸರ್ಜರಿ ಬೇಡವೆಂದವರು ಕೈಗೆಲಸವನ್ನೇ ಬಿಟ್ಟಂತೆ ಎಂದು ತಿಳಿಯಬೇಕಾಗಿಲ್ಲ. ಎಂಡೊಸ್ಕೋಪಿ, ಕ್ಯಾಥ್‌ಲ್ಯಾಬ್, ಇಂಟರ್‌ವೆನ್ಷನಲ್ ರೇಡಿಯಾಲಜಿ, ಅರಿವಳಿಕೆ, ಕಣ್ಣು, ಇವೆಲ್ಲ ಕೈಚಳಕ ಬೇಡುವ ವಿಭಾಗಗಳೇ. ಮೊದಲ ವರ್ಷದಲ್ಲಿ ಕೈ ನಡುಗಿತೆಂದು ಹೆದರಿ ಓಡಬೇಡಿ. ನಡುಕ ಅಭ್ಯಾಸದಿಂದ ಹೋಗುತ್ತದೆ, ಬೇಸರ ಅಭ್ಯಾಸದಿಂದ ಹೋಗುವುದಿಲ್ಲ.

ಉತ್ತರ ಸಿಗದ ಸ್ಥಿತಿಯನ್ನು ಎಷ್ಟು ಹೊತ್ತು ತಾಳಬಲ್ಲಿರಿ? ಮನೋವೈದ್ಯಕೀಯದಲ್ಲಿ ಎಕ್ಸ್‌ರೇ ತೆಗೆದು ಖಿನ್ನತೆಯನ್ನು ತೋರಿಸಲು ಬರುವುದಿಲ್ಲ. ಕುಟುಂಬ ವೈದ್ಯರು ದಿನಕ್ಕೆ ಹತ್ತು ಸಲ "ಎರಡು ದಿನ ಕಾದು ನೋಡೋಣ" ಎನ್ನಬೇಕಾಗುತ್ತದೆ, ಅದನ್ನು ಹೇಳಿ ರಾತ್ರಿ ನಿದ್ದೆ ಮಾಡಲೂ ಬರಬೇಕು.

ಕೊನೆಯ ಪ್ರಶ್ನೆ ಕಷ್ಟದ್ದು, ಅದನ್ನು ಹೆಚ್ಚಿನವರು ಕೇಳಿಕೊಳ್ಳುವುದಿಲ್ಲ. ಯಾವ ಬಗೆಯ ಸೋಲನ್ನು ನೀವು ಹೊರಬಲ್ಲಿರಿ? ಪ್ರತಿ ವಿಭಾಗಕ್ಕೂ ಅದರದೇ ದುಃಖವಿದೆ. ಪ್ರಸೂತಿ ತಜ್ಞರು ಎಲ್ಲರೂ ಸಂತೋಷದ ಸುದ್ದಿಗೆ ಕಾದಿರುವ ಕೋಣೆಗೆ ಹೋಗಿ ಕೆಟ್ಟ ಸುದ್ದಿ ಹೇಳಬೇಕಾಗುತ್ತದೆ. ಕ್ಯಾನ್ಸರ್ ತಜ್ಞರು ವರ್ಷಗಟ್ಟಲೆ ಬಲ್ಲವರನ್ನು ಕಳೆದುಕೊಳ್ಳುತ್ತಾರೆ. ರೇಡಿಯಾಲಜಿಸ್ಟರ ಕಣ್ತಪ್ಪು ಫಿಲ್ಮಿನಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಹತ್ತು ತಿಂಗಳ ನಂತರ ಯಾರಾದರೂ ಅದರತ್ತ ಬೆರಳು ತೋರಿಸಬಹುದು. ಒಬ್ಬ ರೋಗಿ ತೀರಿಕೊಂಡ ರಾತ್ರಿ ನೀವು ಮರುದಿನ ಬೇಗ ಹೋಗಿ ಕೇಸ್ ಶೀಟ್ ಮತ್ತೆ ಓದಬೇಕೆಂದುಕೊಂಡಿರೋ, ಅಥವಾ ಆ ವಾರ್ಡಿನ ಬಾಗಿಲನ್ನೇ ಮತ್ತೆ ನೋಡಬಾರದೆಂದುಕೊಂಡಿರೋ, ನೆನಪು ಮಾಡಿಕೊಂಡು ಬರೆಯಿರಿ.

ಹೆಜ್ಜೆ 4: ದೇಹವನ್ನೂ ಕೇಳಿ

ಯುರೋಪ್ ಮೂಲದ ಗಂಡಸರಲ್ಲಿ ಸುಮಾರು ಶೇ 8ರಷ್ಟು ಮಂದಿಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಬೇರೆ ಜನಗಳಲ್ಲೂ ಇದು ಅಪರೂಪವಲ್ಲ. ಪ್ಯಾಥಾಲಜಿಯ ಸ್ಲೈಡ್, ಚರ್ಮದ ಕೆಂಪು, ಅಕ್ಷಿಪಟಲದ ರಕ್ತಸ್ರಾವ ನೋಡುವವರಿಗೆ ಇದು ಮುಖ್ಯ. ದಾರಿ ಮುಚ್ಚಿತೆಂದೇನೂ ಅಲ್ಲ, ಮೊದಲೇ ಪರೀಕ್ಷೆ ಮಾಡಿಸಿಕೊಂಡರೆ ಸಾಕು. ಸೂಕ್ಷ್ಮದರ್ಶಕದಡಿ ಶಸ್ತ್ರಚಿಕಿತ್ಸೆ ಮಾಡುವವರಿಗೆ ಎರಡೂ ಕಣ್ಣು ಸೇರಿ ಆಳವನ್ನು ಗ್ರಹಿಸುವುದು ಬೇಕು. ಬೆನ್ನುನೋವು, ರಾತ್ರಿ ನಿದ್ದೆಗೆಟ್ಟರೆ ಕೆರಳುವ ಮೈಗ್ರೇನ್ ಅಥವಾ ಅಪಸ್ಮಾರ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಡಿತನವಲ್ಲ.

ಹೆಜ್ಜೆ 5: ಯಾರನ್ನು ಕೇಳಬೇಕು, ಏನು ಕೇಳಬೇಕು

ಒಳ್ಳೆಯ ಮೇಷ್ಟ್ರು ಯಾವ ವಿಷಯ ಕಲಿಸಿದರೂ ಅದು ಜಗತ್ತಿನ ಅತ್ಯುತ್ತಮ ವಿಷಯವೆನಿಸುತ್ತದೆ. ಅವರ ಮೇಲಿನ ಭಕ್ತಿಯನ್ನು ವಿಭಾಗದ ಮೇಲಿನ ಪ್ರೀತಿ ಎಂದು ತಿಳಿದು ಸೇರಿದವರು ಎಷ್ಟೋ ಮಂದಿ. ಒಂದು ಪರೀಕ್ಷೆ ಹೇಳುತ್ತೇನೆ: ಅದೇ ವಿಭಾಗದ ಅತ್ಯಂತ ನೀರಸ ಪ್ರಾಧ್ಯಾಪಕರ ತರಗತಿಯಲ್ಲೂ ನಿಮಗೆ ಪ್ರಶ್ನೆಗಳು ಹುಟ್ಟಿದವೇ? ಹುಟ್ಟಿದ್ದರೆ ಅದು ವಿಷಯದ ಸೆಳೆತ. ಇದರ ತಿರುವುಮುರುವೂ ನಿಜ. ಒಬ್ಬ ಸಿಡುಕು ಸ್ವಭಾವದ ಹಿರಿಯರಿಂದಾಗಿ ಒಂದು ಇಡೀ ವಿಭಾಗವನ್ನು ದೂರ ಇಟ್ಟಿದ್ದರೆ, ಬೇರೆ ಯೂನಿಟ್ಟಿನಲ್ಲಿ ಒಂದು ವಾರ ಕಳೆದು ನೋಡಿ.

ತರಬೇತಿಯ ಎರಡನೆಯ ವರ್ಷದಲ್ಲಿರುವವರನ್ನು ಕೇಳಿ, ಅವರಿಗೆ ಮೊದಲ ವರ್ಷದ ಆಘಾತ ಇಳಿದಿರುತ್ತದೆ, ಕೊನೆಯ ವರ್ಷದ ಬಿಡುಗಡೆಯ ಸಂಭ್ರಮ ಇನ್ನೂ ಬಂದಿರುವುದಿಲ್ಲ. ಅದೇ ವಿಭಾಗದಲ್ಲಿ ಹದಿನೈದು ಇಪ್ಪತ್ತು ವರ್ಷ ಕಳೆದವರನ್ನೂ ಕೇಳಿ. ಸಾಧ್ಯವಾದರೆ ಬಿಟ್ಟುಹೋದ ಒಬ್ಬರನ್ನೂ ಹುಡುಕಿ ಕೇಳಿ. ದಾದಿಯರನ್ನು ಕೇಳುವುದನ್ನು ಮರೆಯಬೇಡಿ. ಯಾವ ವಿಭಾಗದ ವೈದ್ಯರು ದಿನ ಕಳೆದಂತೆ ಒರಟಾಗುತ್ತಾರೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇಲ್ಲ.

"ಹೇಗಿದೆ ಸರ್?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುತ್ತದೆ. ಹೀಗೆ ಕೇಳಿ: ಕಳೆದ ವಾರದಲ್ಲಿ ನಿಮಗೆ ಅತಿ ಬೇಸರ ತಂದ ಕೆಲಸ ಯಾವುದು? ಮನೆಗೆ ಹೊತ್ತುಕೊಂಡು ಹೋಗುವ ಚಿಂತೆ ಯಾವುದು? ಐವತ್ತೈದರ ವಯಸ್ಸಿನಲ್ಲಿ ಈ ಕೆಲಸ ಹೇಗಿರುತ್ತದೆ, ರಾತ್ರಿ ಕರೆ ಇರುತ್ತದೆಯೇ? ಈಗ ಮತ್ತೆ ಆರಿಸಿಕೊಳ್ಳುವ ಅವಕಾಶ ಬಂದರೆ? ಕೊನೆಯ ಪ್ರಶ್ನೆಗೆ ಅವರು ಏನು ಹೇಳುತ್ತಾರೆ ಎಂಬುದಕ್ಕಿಂತ, ಹೇಳುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದನ್ನು ಗಮನಿಸಿ.

ಮನೆಯವರ ಮಾತು ಬೇರೆ. ಅವರಿಗೆ ನಿಮ್ಮ ಹಿತ ಬೇಕು, ಆದರೆ ವಿಭಾಗದ ಒಳಗು ಗೊತ್ತಿರುವುದಿಲ್ಲ. "ಕತ್ತರಿಸದ ಡಾಕ್ಟರು ಎಂಥ ಡಾಕ್ಟರು" ಎನ್ನುವವರಿಗೆ ಒಂದು ದಿನದ ಕೆಲಸವನ್ನು ಬಿಡಿಸಿ ಹೇಳಿ. ವಾದಕ್ಕಿಂತ ವಿವರಣೆ ಬೇಗ ಮನಸ್ಸು ತಟ್ಟುತ್ತದೆ.

ಹೆಜ್ಜೆ 6: ವರ್ಷಗಳ ಲೆಕ್ಕ, ಬದುಕಿನ ಲೆಕ್ಕ

ತರಬೇತಿಯ ಅವಧಿ ದೇಶದಿಂದ ದೇಶಕ್ಕೆ, ವಿಭಾಗದಿಂದ ವಿಭಾಗಕ್ಕೆ ಬೇರೆ. ಅಮೆರಿಕದಲ್ಲಿ ಕುಟುಂಬ ವೈದ್ಯಕೀಯದ ರೆಸಿಡೆನ್ಸಿ 3 ವರ್ಷ, ಜನರಲ್ ಸರ್ಜರಿ 5, ನರಶಸ್ತ್ರಚಿಕಿತ್ಸೆ 7. ಬ್ರಿಟನ್ನಿನಲ್ಲಿ ಎಲ್ಲರೂ ಮೊದಲು 2 ವರ್ಷಗಳ ಫೌಂಡೇಶನ್ ತರಬೇತಿ ಮುಗಿಸಿ ಆಮೇಲೆ ವಿಭಾಗಕ್ಕೆ ಹೋಗುತ್ತಾರೆ. ಭಾರತದಲ್ಲಿ ಎಂಡಿ ಅಥವಾ ಎಂಎಸ್‌ಗೆ 3 ವರ್ಷ, ಅದರ ಮೇಲೆ ಇನ್ನೂ ಉನ್ನತ ತಜ್ಞತೆಯ ಡಿಎಂ ಅಥವಾ ಎಂಸಿಎಚ್ ಬೇಕೆಂದರೆ ಮತ್ತೆ 3 ವರ್ಷ. ನಿಮ್ಮ ಪಟ್ಟಿಯಲ್ಲಿರುವ ಪ್ರತಿ ವಿಭಾಗದ ಮುಂದೆಯೂ ಅದು ಮುಗಿಯುವಾಗ ನಿಮಗಾಗುವ ವಯಸ್ಸನ್ನು ಬರೆಯಿರಿ. ಸಾಲ, ಮದುವೆ, ಮಕ್ಕಳು, ವಯಸ್ಸಾದ ತಂದೆತಾಯಿ, ಯಾವುದು ಆ ವರ್ಷಗಳ ನಡುವೆ ಬೀಳುತ್ತದೆ ಎಂಬುದನ್ನೂ ಗುರುತು ಮಾಡಿ.

ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಕೇಳಲು ನಾಚಬೇಡಿ. 1984ರಲ್ಲಿ ನ್ಯೂಯಾರ್ಕ್ ಆಸ್ಪತ್ರೆಯೊಂದರಲ್ಲಿ ಲಿಬಿ ಜಿಯಾನ್ ಎಂಬ ಹದಿನೆಂಟರ ತರುಣಿ ತೀರಿಕೊಂಡಾಗ, ನಿದ್ದೆಯಿಲ್ಲದೆ ದುಡಿಯುವ ತರಬೇತಿ ವೈದ್ಯರ ಬಗ್ಗೆ ದೊಡ್ಡ ಚರ್ಚೆ ಎದ್ದಿತು. ಅದರ ಫಲವಾಗಿ ಆ ರಾಜ್ಯದಲ್ಲಿ, 2003ರಿಂದ ಇಡೀ ಅಮೆರಿಕದಲ್ಲಿ, ವಾರಕ್ಕೆ 80 ಗಂಟೆಗಳ ಮಿತಿ ಬಂತು. ಯುರೋಪಿಯನ್ ಒಕ್ಕೂಟದ ನಿಯಮ ಸರಾಸರಿ 48 ಗಂಟೆ. ಕಾಗದದ ಮೇಲಿನ ಮಿತಿಗೂ ವಾರ್ಡಿನ ಗಡಿಯಾರಕ್ಕೂ ಅಂತರ ಇರುತ್ತದೆ, ಆದ್ದರಿಂದ ಈಗ ಅಲ್ಲಿರುವವರನ್ನೇ ಕೇಳಿ. ತರಬೇತಿಯ ಕಷ್ಟವನ್ನು ಇಡೀ ಜೀವನದ ಕಷ್ಟವೆಂದು ಎಣಿಸಬೇಡಿ. ಕೆಲವು ವಿಭಾಗಗಳಲ್ಲಿ ತರಬೇತಿ ಕಠಿಣ, ಆಮೇಲಿನ ಬದುಕು ಹಗುರ. ಪ್ರಸೂತಿ ಮತ್ತು ತುರ್ತು ಚಿಕಿತ್ಸೆಯಂಥವುಗಳಲ್ಲಿ ರಾತ್ರಿಗಳು ಕೊನೆಯವರೆಗೂ ಜೊತೆಗಿರುತ್ತವೆ.

ಹಣದ ಬಗ್ಗೆ ನನ್ನ ಅಭಿಪ್ರಾಯ ಚಿಕ್ಕದು. ಸಾಲವಿದ್ದವರಿಗೆ ಅದು ನಿಜವಾದ ಪ್ರಶ್ನೆ, ಅವರನ್ನು ಯಾರೂ ಹಂಗಿಸಬಾರದು. ಆದರೆ ಎರಡು ವಿಭಾಗಗಳ ನಡುವೆ ಹಣವೊಂದೇ ವ್ಯತ್ಯಾಸವಾಗಿದ್ದರೆ, ನಲವತ್ತನೆಯ ರೋಗಿಯನ್ನು ನೆನೆದುಕೊಳ್ಳಿ.

ಹೆಜ್ಜೆ 7: ನಾಳೆ ಏನಾಗುತ್ತದೆ ಎಂದು ಹೆದರಿ ಆರಿಸಬೇಡಿ

ಹೊಟ್ಟೆಯ ಹುಣ್ಣಿಗೆ ಶಸ್ತ್ರಚಿಕಿತ್ಸೆ ಮಾಡುವುದು ಒಂದು ಕಾಲದಲ್ಲಿ ಸರ್ಜನ್ನರ ನಿತ್ಯದ ಕೆಲಸವಾಗಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರನ್ ಎಂಬ ಪ್ಯಾಥಾಲಜಿಸ್ಟರೂ, ಆಗಿನ್ನೂ ತರಬೇತಿಯಲ್ಲಿದ್ದ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯರೂ ಸೇರಿ ಅದರ ಹಿಂದಿನ ಬ್ಯಾಕ್ಟೀರಿಯಾವನ್ನು ಕಂಡುಹಿಡಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮ್ಲ ತಗ್ಗಿಸುವ ಔಷಧಿಗಳ ಜೊತೆಗೆ ಎರಡು ವಾರಗಳ ಆಂಟಿಬಯೋಟಿಕ್ ಬಂದ ಮೇಲೆ ಆ ಶಸ್ತ್ರಚಿಕಿತ್ಸೆಗಳು ವಿರಳವಾದವು. ಸರ್ಜನ್ನರು ಮಾತ್ರ ಉಳಿದರು, ಬೇರೆ ಕೆಲಸ ಕಲಿತರು. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳವನ್ನು ಬಲೂನಿನಿಂದ ಹಿಗ್ಗಿಸಿದಾಗ ಹೃದ್ರೋಗ ತಜ್ಞರ ಕೈಗೆ ಹೊಸದೊಂದು ಕಸುಬೇ ಬಂತು. ತುರ್ತು ಚಿಕಿತ್ಸೆ ಅಮೆರಿಕದಲ್ಲಿ ಪ್ರತ್ಯೇಕ ವಿಭಾಗವೆಂದು ಮಾನ್ಯತೆ ಪಡೆದದ್ದೇ 1979ರಲ್ಲಿ.

ಈಗಿನ ಭಯ ಕೃತಕ ಬುದ್ಧಿಮತ್ತೆಯದು. ರೇಡಿಯಾಲಜಿಸ್ಟರಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕೆಂದು, ಐದು ವರ್ಷಗಳಲ್ಲಿ ಯಂತ್ರವೇ ಮೇಲಾಗುವುದೆಂದು ಆ ಕ್ಷೇತ್ರದ ಹೆಸರಾಂತ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಹೇಳಿದ್ದರು. ಆ ಐದು ವರ್ಷ ಕಳೆದು ಹೋಯಿತು, ಚಿತ್ರ ಓದುವ ವೈದ್ಯರ ಅಗತ್ಯ ಹೋಗಿಲ್ಲ. ಕೆಲಸದ ರೀತಿ ಬದಲಾಗುವುದಂತೂ ನಿಜ. ನಿಮ್ಮ ನೆಚ್ಚಿನ ವಿಭಾಗದ ಇಂದಿನ ಉಪಕರಣವನ್ನು ಮೆಚ್ಚಿದ್ದೀರೋ, ಅದು ಬಿಡಿಸಲು ಯತ್ನಿಸುತ್ತಿರುವ ತೊಡಕನ್ನು ಮೆಚ್ಚಿದ್ದೀರೋ, ಇದನ್ನು ಕೇಳಿಕೊಂಡರೆ ಸಾಕು. ಉಪಕರಣ ನಿಮ್ಮ ಕಾಲದಲ್ಲೇ ಎರಡು ಮೂರು ಸಲ ಬದಲಾಗುತ್ತದೆ.

ಹೆಜ್ಜೆ 8: ಪಟ್ಟಿ ಬರೆಯುವ ದಿನ

ಫಲಿತಾಂಶ ಬರುವ ಮುಂಚೆಯೇ, ಮನಸ್ಸು ಶಾಂತವಾಗಿರುವ ಒಂದು ದಿನ, ನಿಮ್ಮ ಆಯ್ಕೆಗಳನ್ನು ಕ್ರಮವಾಗಿ ಬರೆದಿಡಿ. ರ‍್ಯಾಂಕ್ ಬಂದ ಸಂಜೆ ಎಲ್ಲರ ಫೋನೂ ಬರುತ್ತದೆ. "ಈ ರ‍್ಯಾಂಕಿಗೆ ಆ ಸೀಟು ಸಿಗುತ್ತದೆ, ಬಿಡಬೇಡ" ಎನ್ನುತ್ತಾರೆ. ಸಿಗುತ್ತದೆಂಬ ಕಾರಣಕ್ಕೇ ತೆಗೆದುಕೊಂಡದ್ದರಿಂದ ಆದ ನೋವನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ವಿಭಾಗ ಮುಖ್ಯವೋ, ಕಾಲೇಜು ಮುಖ್ಯವೋ, ಊರು ಮುಖ್ಯವೋ ಎಂಬುದನ್ನು ಮೊದಲೇ ತೀರ್ಮಾನಿಸಿ. ನನ್ನ ಮಟ್ಟಿಗೆ ವಿಭಾಗ ಮೊದಲು, ಆಮೇಲೆ ಕೈಗೆ ಸಿಗುವ ಕೆಲಸದ ಪ್ರಮಾಣ, ಕೊನೆಗೆ ಸಂಸ್ಥೆಯ ಹೆಸರು. ಭಾರತದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿಜಿಯಂತೆ ರ‍್ಯಾಂಕಿನ ಪ್ರಕಾರ ಸೀಟು ಹಂಚುವಲ್ಲಿ ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್‌ಗಳನ್ನು ನೋಡಿ ಪಟ್ಟಿಯನ್ನು ಉದ್ದವಾಗಿ, ಆದರೆ ಒಲ್ಲದ್ದನ್ನು ಸೇರಿಸದೆ ಬರೆಯಿರಿ. 1952ರಿಂದ ನಡೆಯುತ್ತಿರುವ ಅಮೆರಿಕದ ಮ್ಯಾಚ್ ಪದ್ಧತಿ ಬೇರೆ. ಅಲ್ಲಿ ಅಭ್ಯರ್ಥಿಗಳೂ ಆಸ್ಪತ್ರೆಗಳೂ ತಮ್ಮ ತಮ್ಮ ಪಟ್ಟಿ ಕೊಡುತ್ತಾರೆ, ಕಂಪ್ಯೂಟರ್ ಜೋಡಿಸುತ್ತದೆ. ಅರ್ಥಶಾಸ್ತ್ರಜ್ಞ ಅಲ್ವಿನ್ ರಾತ್ ಅವರು ತಿದ್ದಿದ, 1998ರಿಂದ ಬಳಕೆಯಲ್ಲಿರುವ ಕ್ರಮ ಅಭ್ಯರ್ಥಿಗಳ ಆಯ್ಕೆಯಿಂದ ಶುರುವಾಗುತ್ತದೆ. ಆದ್ದರಿಂದ ಅಲ್ಲಿ ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯುವುದರಿಂದ ನಷ್ಟವಿಲ್ಲ; ಸಿಗಲಾರದೆಂದು ಹೆದರಿ ಕೆಳಗಿಳಿಸಿದರೆ ಸೋಲುವವರು ನೀವೇ.

ಹೆಜ್ಜೆ 9: ತಪ್ಪಾಯಿತು ಅನ್ನಿಸಿದರೆ

ಮೊದಲ ಆರು ತಿಂಗಳು ಹೆಚ್ಚುಕಡಿಮೆ ಎಲ್ಲರಿಗೂ ತಪ್ಪಾಯಿತೆಂದೇ ಅನ್ನಿಸುತ್ತದೆ. ನಿದ್ದೆಗೆಟ್ಟು ಮೂರು ರಾತ್ರಿಯಾದ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ. ಎರಡು ದಿನ ರಜೆ ಹಾಕಿ, ನಿದ್ದೆ ಮಾಡಿ, ಆಮೇಲೆ ಹಳೆಯ ನೋಟ್‌ಬುಕ್ ತೆಗೆಯಿರಿ. ಸಾಕಾಗಿರುವುದು ಕೆಲಸವೋ, ಕೆಲಸ ಮಾಡುವ ಜಾಗವೋ? ಕಿರುಕುಳ ಕೊಡುವ ಯೂನಿಟ್ ಆಗಿದ್ದರೆ ಬದಲಾಗಬೇಕಾದದ್ದು ಜಾಗ. ಏನೂ ಬೇಡ, ಬದುಕೂ ಬೇಡ ಅನ್ನಿಸುವ ಹಂತಕ್ಕೆ ಹೋಗಿದ್ದರೆ ವಿಭಾಗದ ಪ್ರಶ್ನೆಯನ್ನು ಬದಿಗಿಟ್ಟು ಇಂದೇ ಒಬ್ಬ ಮನೋವೈದ್ಯರನ್ನು ಕಾಣಿ. ವೈದ್ಯರೂ ರೋಗಿಗಳಾಗುತ್ತಾರೆ, ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ.

ಆರೋಗ್ಯವಾಗಿ ಯೋಚಿಸಿದ ಮೇಲೂ ಕೆಲಸವೇ ಒಗ್ಗದಿದ್ದರೆ ಬದಲಾಯಿಸಿ. ಅಮೆರಿಕದ ವರ್ಜೀನಿಯಾ ಆಪ್ಗರ್ 1933ರಲ್ಲಿ ಪದವಿ ಪಡೆದು ಸರ್ಜರಿಯಲ್ಲೇ ತರಬೇತಿ ಪಡೆದವರು. ವಿಭಾಗದ ಮುಖ್ಯಸ್ಥರಾಗಿದ್ದ ಆಲನ್ ವಿಪಲ್, ಆಪ್ಗರ್ ಅವರನ್ನು ಅರಿವಳಿಕೆಯ ಕಡೆಗೆ ತಿರುಗಿಸಿದರು. ಸರ್ಜರಿಯಲ್ಲಿ ಹೆಣ್ಣುಮಕ್ಕಳಿಗೆ ಏಳಿಗೆಯಿಲ್ಲವೆಂಬ ಆ ಕಾಲದ ನೋಟವೂ ಅದರ ಹಿಂದೆ ಇತ್ತು, ಅದು ಅನ್ಯಾಯವೇ. ಆದರೆ ಆಪ್ಗರ್ ಹೋದ ಕಡೆ ಕಣ್ಣು ತೆರೆದು ನಿಂತರು. ಹೆರಿಗೆ ಕೋಣೆಯಲ್ಲಿ ಅರಿವಳಿಕೆ ಕೊಡುತ್ತಾ, ಹುಟ್ಟಿದ ಮಗುವನ್ನು ಆ ಮೊದಲ ನಿಮಿಷದಲ್ಲಿ ಯಾರೂ ಕ್ರಮವಾಗಿ ನೋಡುತ್ತಿಲ್ಲವೆಂಬುದನ್ನು ಕಂಡರು. ಎದೆಬಡಿತ, ಉಸಿರು, ಸ್ನಾಯುಗಳ ಬಿಗಿ, ಪ್ರತಿಕ್ರಿಯೆ, ಬಣ್ಣ ಎಂಬ ಐದು ಅಂಶಗಳ ಅಂಕಪಟ್ಟಿಯನ್ನು 1952ರಲ್ಲಿ ಮಂಡಿಸಿದರು. ಇಂದು ಪ್ರಪಂಚದ ಯಾವ ಮೂಲೆಯ ಹೆರಿಗೆ ಕೋಣೆಯಲ್ಲೂ ಅದೇ ಹೆಸರು. ಸಿಸಿಲಿ ಸಾಂಡರ್ಸ್ ದಾದಿಯಾಗಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು, ನಲವತ್ತರ ಹೊಸ್ತಿಲಲ್ಲಿ 1957ರಲ್ಲಿ ವೈದ್ಯೆಯಾದರು. ಹತ್ತು ವರ್ಷಗಳ ನಂತರ ಲಂಡನ್ನಿನಲ್ಲಿ ಸಾವಿನ ಸನಿಹದಲ್ಲಿರುವವರ ಆರೈಕೆಗೆ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದರು. ಅಲ್ಲಿಂದ ಆಧುನಿಕ ಉಪಶಾಮಕ ಆರೈಕೆಗೆ ಒಂದು ರೂಪ ಬಂತು. ವಯಸ್ಸಾಯಿತೆಂದು ಇಪ್ಪತ್ತೇಳರಲ್ಲಿ ಕೊರಗುವವರಿಗೆ ನಾನು ಅವರ ಕಥೆ ಹೇಳುತ್ತೇನೆ.

ಬಿಡುವುದಾದರೆ ಕ್ರಮವಾಗಿ ಬಿಡಿ. ಸೀಟು ಬಿಟ್ಟರೆ ದಂಡವಿದೆಯೇ, ಮರುವರ್ಷದ ಪರೀಕ್ಷೆಗೆ ಅಡ್ಡಿ ಬರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲಿರುವ ನಿಯಮದಿಂದ ತಿಳಿದುಕೊಳ್ಳಿ, ಗೆಳೆಯರ ಮಾತಿನಿಂದ ಬೇಡ. ಹೊಸ ದಾರಿ ಗೊತ್ತಾಗುವ ಮುನ್ನ ಹಳೆಯದಕ್ಕೆ ರಾಜೀನಾಮೆ ಬರೆಯಬೇಡಿ. ಮುಗಿಸಿದ ತಿಂಗಳುಗಳ ಪ್ರಮಾಣಪತ್ರವನ್ನೂ, ಸಹಿಯಾದ ಲಾಗ್‌ಬುಕ್ಕನ್ನೂ ತೆಗೆದಿಟ್ಟುಕೊಳ್ಳಿ. ಕೆಲವೆಡೆ ಆ ಅವಧಿ ಹೊಸ ತರಬೇತಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಮುಖ್ಯಸ್ಥರಿಗೆ ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ನೀವೇ ಹೋಗಿ ಹೇಳಿ. ನಾನು ಹೇಳಲು ಹೋದಾಗ ಅಂದು ಗದರಿದ ಅದೇ ಸರ್ಜನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಪರದೆಯ ಆಚೆಗಾ?" ಎಂದು ಕೇಳಿದರು. ಹೌದೆಂದೆ. "ಸರಿ ಹೋಗು. ಏಳನೇ ಹಾಸಿಗೆಯವರ ಡ್ರೈನ್ ನಾಳೆ ತೆಗೆಯಬೇಕು, ಬರುವವನಿಗೆ ಹೇಳಿ ಹೋಗು" ಎಂದರು. ಹೇಳಿ ಹೋದೆ.